ಹಿಲ್ಕೆಯ ಹೊಸ ಕೂದಲು

ಕ್ಯಾನ್ಸರ್ ಚಿಕಿತ್ಸೆ ಮುಗಿದ ಮೇಲೆ ಹಿಲ್ಕೆಗೆ ಬಾತುಮರಿಯ ತುಪ್ಪಳದಂಥ ಕೂದಲು ಬಂದಿತ್ತು. ಅದನ್ನೇ ಬುಡದಿಂದ ಮೇಲಕ್ಕೆತ್ತಿ ಒಣಗಿಸಿ, ಉಬ್ಬಿಸಿಕೊಂಡು, ಭಾವ ಹಾರ್ಮೆನ್‌ನ ಹುಟ್ಟುಹಬ್ಬಕ್ಕೆ ಹೋದಳು. ಅವರ ಡಚ್ ಊರು ಗ್ರೋನಿಂಗನ್ನಿನಲ್ಲಿ ಹುಟ್ಟುಹಬ್ಬವೆಂದರೆ ಸುತ್ತ ಕುರ್ಚಿ ಹಾಕಿ ಕೂತವರೆಲ್ಲರ ಕೈಕುಲುಕಿ ಅಭಿನಂದಿಸಬೇಕು. ಅಂದು ಎಲ್ಲರೂ ಅವಳ ಕೈ ಬಿಟ್ಟು ತಲೆಯನ್ನೇ ಸವರಿದರು.

"ವಿಗ್ಗೇ ಚೆನ್ನಾಗಿತ್ತು ಕಣೇ, ಇದ್ದದ್ದು ಇದ್ದ ಹಾಗೆ ಹೇಳ್ತೀನಿ," ಎಂದಳು ವಾರಗಿತ್ತಿ.

ಎಡಗಿವಿಯಿಂದ ಬಲಗಿವಿಗೆ ನಾಲ್ಕೆಳೆ ಕೂದಲು ಎಳೆದು ಬೋಳುತಲೆಗೆ ಅಂಟಿಸಿಕೊಂಡಿದ್ದ ಹಾರ್ಮೆನ್, "ತೀರಾ ತೆಳು ಆಯ್ತಮ್ಮ," ಎಂದ.

ಹೊರಡುವಾಗಲೂ ಎಲ್ಲರ ಕೈಕುಲುಕುವ ಪದ್ಧತಿಯಂತೆ ಹಿಲ್ಕೆ ಮತ್ತೊಂದು ಸುತ್ತು ಬಂದಳು, ಈ ಸಲ ಒಂದೊಂದೇ ತಲೆ ಸವರುತ್ತ. ಹಾರ್ಮೆನ್‌ನ ಎಳೆಗಳು ಜಾರಿ ಹೆಗಲಿಗೆ ಇಳಿಬಿದ್ದವು.

"ಭಾವ, ನನ್ನ ಕೂದಲು ಬರ್ತಾ ಇದೆ, ಎಲ್ಲರೂ ಮಾತಾಡಿಸಿದ್ರಿ. ನಿಮ್ಮದು ಹೊರಟು ನಿಂತಿದೆ, ಬೀಳ್ಕೊಡೋರೇ ಇಲ್ವಲ್ಲ ಅಂತ ಬಂದೆ."