ರೂತ್‌ಬಾಯಿಯ ಬ್ಯಾಟು

"ಶೀ ವಾಸ್ ದ ಗ್ರೇಟೆಸ್ಟ್!" ಎಂದು ಡೆನ್ಜಿಲ್ ಪರದೆಯತ್ತ ಕೈ ಚಾಚಿದಾಗ, ಎದುರು ಕೂತಿದ್ದ ಮೋರಿ ಸಾಹೇಬರ ಚಹಾದ ಕಪ್ಪು ತುಟಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

ಜಪಾನಿನಿಂದ ಬಂದಿದ್ದ ಈ ಗಿರಾಕಿಗೆ ಬೇಸ್‌ಬಾಲ್ ಎಂದರೆ ಪ್ರಾಣ. ಸರ್ವರ್‌ಗಳ ವ್ಯವಹಾರ ಮಾತಾಡುವ ಮೊದಲು ಆ ಆಟದ ದಿಗ್ಗಜರನ್ನು ಹೊಗಳಿ ಅವರ ಮನಸ್ಸು ಗೆಲ್ಲಬೇಕೆಂದು ಸೈಬರ್‌ಜಯಾ ಎಂಬ ಪರದೇಶದ ಐಟಿ ನಗರದ ಈ ಕಂಪನಿಯ ಮ್ಯಾನೇಜರ್ ಡೆನ್ಜಿಲ್ ಲೆಕ್ಕ ಹಾಕಿದ್ದ. ಬೇಸ್‌ಬಾಲ್ ಅವನಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ. ಬೇಬ್ ರೂತ್ ಮೊದಲು ಚೆಂಡೆಸೆಯುವವಳಾಗಿ ಹೆಸರು ಮಾಡಿದಳು, ಆಮೇಲೆ ಬ್ಯಾಟು ಹಿಡಿದು ಏಳುನೂರಕ್ಕೂ ಹೆಚ್ಚು ಸಲ ಚೆಂಡನ್ನು ಬೇಲಿಯಾಚೆ ಅಟ್ಟಿದಳು, ಅವಳ ದಾಖಲೆ ಮುರಿದವರನ್ನೂ ಜನ ಇಂದಿಗೂ ಅವಳ ಪಕ್ಕವೇ ನಿಲ್ಲಿಸಿ ಅಳೆಯುತ್ತಾರೆ ಎಂದು ಇಂಗ್ಲಿಷಿನಲ್ಲಿ ನಿರರ್ಗಳವಾಗಿ ಹೇಳಿದ.

ಮೋರಿ ಸಾಹೇಬರು ಕಪ್ಪು ಕೆಳಗಿಟ್ಟರು. ಮೂಲೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತಿದ್ದ ಇಕ್ರಾಳನ್ನು ಒಮ್ಮೆ ನೋಡಿದರು. ಅವಳು ತಲೆ ತಗ್ಗಿಸಿದಳು.

"ಯೆಸ್," ಎಂದರು ಅವರು. "ಶೀ ಕೇಮ್ ಟು ಜಪಾನ್. ಮೈ ಗ್ರ್ಯಾಂಡ್‌ಫಾದರ್ ಸಾ... ಹರ್."

ಆಮೇಲೆ ಮಾತು ಮುಗಿಯುವವರೆಗೂ ಅವರು ಶೀ ಎಂದೇ ಅಂದರು. ಡೆನ್ಜಿಲ್ ಉಬ್ಬಿಹೋದ.

ಅಸಲಿಗೆ ಇಕ್ರಾ ತಯಾರಿಸಿದ ಸ್ಲೈಡಿನಲ್ಲಿ 'ಹೀ' ಎಂದೇ ಇತ್ತು. ಹುಬ್ಬಳ್ಳಿಯಿಂದ ಬಂದು ಇನ್ನೂ ವರ್ಷ ತುಂಬದ ಎಂಜಿನಿಯರ್ ಹುಡುಗಿ ಅವಳು. ನಿನ್ನೆ ಸಂಜೆ ತಂಡದವರೆಲ್ಲ ಇರುವಾಗಲೇ ಡೆನ್ಜಿಲ್ ಅವಳನ್ನು ತರಾಟೆಗೆ ತೆಗೆದುಕೊಂಡಿದ್ದ.

"ರೂತ್ ಅಂದ್ರೆ ಹೆಂಗಸು ಮಾರಾಯ್ತಿ! ನಮ್ಮ ಬೈಬಲಲ್ಲಿ ಅವಳ ಹೆಸರಿನ ಪುಸ್ತಕವೇ ಉಂಟು. ನಮ್ಮೂರು ಬೆಂದೂರಲ್ಲಿ ನನ್ನ ದೊಡ್ಡಮ್ಮನೂ ರೂತ್‌ಬಾಯಿಯೇ. ಅದೆಲ್ಲ ನಿಮಗೆ ಹೇಗೆ ಗೊತ್ತಾಗ್ಬೇಕು?"

"ಸರ್, ಒಂದ್ಸಲ ಚೆಕ್ ಮಾಡ್ರಿ..."

"ನನಗೆ ಬೈಬಲ್ ಕಲಿಸ್ತೀಯಾ?"

ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಹತ್ತಿರ ವಾದ ಏನು? ಇಕ್ರಾ ಸುಮ್ಮನೆ ತಿದ್ದಿದಳು. ಡೆನ್ಜಿಲ್ ಅಷ್ಟಕ್ಕೇ ಬಿಡಲಿಲ್ಲ. ಮೇಲಧಿಕಾರಿ ರೊಹಾನಾರ ಕೋಣೆಗೆ ಹೋಗಿ, ಹುಡುಗಿ ಸರಿಯಾಗಿ ತಿಳಿದುಕೊಳ್ಳದೆ ಎದುರು ವಾದಿಸುತ್ತಾಳೆ, ಈಗಲೇ ಕೆಲಸ ಖಾಯಂ ಮಾಡುವುದು ಬೇಡ ಎಂದು ಹೇಳಿ ಬಂದ. ಖಾಯಂ ಆಗದಿದ್ದರೆ ಅವಳ ವೀಸಾ ಮುಂದುವರಿಯುವುದು ಕಷ್ಟ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

ಮಧ್ಯಾಹ್ನ ಮಾಮಕ್ ಊಟದಂಗಡಿಯಲ್ಲಿ ತಪಾವ್, ಅಂದರೆ ಪಾರ್ಸೆಲ್, ಕಟ್ಟಿಸಿಕೊಳ್ಳಲು ನಿಂತಾಗ, ಸ್ಟೇಟಸ್‌ಗೆ ಹಾಕೋಣವೆಂದು ಡೆನ್ಜಿಲ್ ರೂತಳ ಫೋಟೋ ಹುಡುಕಿದ. ಟೊಪ್ಪಿ ಹಾಕಿದ, ಅಗಲ ಮೂಗಿನ, ಡೊಳ್ಳುಹೊಟ್ಟೆಯ ಗಂಡಸೊಬ್ಬ ನಗುತ್ತಿದ್ದ. ಇನ್ನೊಂದು ಫೋಟೋ ತೆರೆದ. ಅದೇ ಗಂಡಸು. ಮೂರನೆಯದರಲ್ಲಿ ಬಾಯಲ್ಲಿ ಚುಟ್ಟಾ ಬೇರೆ. ಬೇಬ್ ಅಡ್ಡಹೆಸರಂತೆ, ರೂತ್ ಮನೆತನದ ಹೆಸರಂತೆ.

ಕಿವಿಯ ತುದಿಯವರೆಗೆ ಬಿಸಿಯಾಯಿತು. ತಮ್ಮ ಅಜ್ಜ ಕಣ್ಣಾರೆ ಕಂಡ ವೀರನನ್ನು ಮೋರಿ ಸಾಹೇಬರು ಇವನಿಗೋಸ್ಕರ ಹೆಂಗಸು ಮಾಡಿದ್ದರು. ನಾಲ್ಕು ಜನರ ಎದುರು ಇವನಿಗೆ ಅವಮಾನವಾಗದಿರಲೆಂದು ತಪ್ಪನ್ನು ಹೊಟ್ಟೆಗೆ ಹಾಕಿಕೊಂಡಿದ್ದರು. ನಿನ್ನೆ ತಾನು ಏನು ಮಾಡಿದೆ ಎಂಬುದು ಆಗ ನೆನಪಾಗಿ, ಅಂಗಡಿಯವ "ಬಾಸ್, ಮಕಾನ್ ರೆಡಿ ಲಾ" ಎಂದು ಊಟದ ಪೊಟ್ಟಣ ಚಾಚಿದ್ದೂ ಡೆನ್ಜಿಲ್‌ಗೆ ಗೊತ್ತಾಗಲಿಲ್ಲ.

ಇಕ್ರಾ ಪ್ಯಾಂಟ್ರಿಯಲ್ಲಿ ಡಬ್ಬಿ ತೊಳೆಯುತ್ತಿದ್ದಳು.

"ನಿನಗೆ ಗೊತ್ತಿತ್ತಲ್ಲ? ಮೀಟಿಂಗಲ್ಲಾದ್ರೂ ಹೇಳ್ಬಹುದಿತ್ತು."

"ಅಷ್ಟು ದೊಡ್ಡ ಮನಷ್ಯಾರು ನಿಮ್ಮ ಮಾನ ಉಳಸ್ಲಿಕತ್ತಿದ್ರು. ನಾ ಯಾಕ ಕಳೀಲಿ ಸರ್?"

"ಸಾರಿ ಇಕ್ರಾ. ಬೈಬಾರ್ದಿತ್ತು."

"ಬೈದದ್ದಕ್ಕ ಬ್ಯಾಸರಿಲ್ರಿ." ಅವಳು ನಲ್ಲಿ ನಿಲ್ಲಿಸಿದಳು. "ನಿಮಗೆ ಹೇಗೆ ಗೊತ್ತಾಗ್ಬೇಕು ಅಂದ್ರಲ್ಲ, ಅದು. ನಾ ಕಲ್ತದ್ದು ಕಾನ್ವೆಂಟ್‌ನ್ಯಾಗ್ರಿ. ರೂತ್ ಕಥಿ ಸಿಸ್ಟರ್ ಹೇಳ್ತಿದ್ರು. ಪರದೇಶಕ್ಕ ಬಂದು ಮಂದಿ ಹೊಲದಾಗ ತೆನಿ ಆಯಾಕಿ. ಹೊಲದ ಮಾಲಕ ಛಲೋ ಇದ್ದ."

ಡೆನ್ಜಿಲ್ ನೇರವಾಗಿ ರೊಹಾನಾರ ಗಾಜಿನ ಕೋಣೆಗೆ ನಡೆದ.

ನಿನ್ನೆಯ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇಕ್ರಾಳನ್ನು ಈ ತಿಂಗಳೇ ಖಾಯಂ ಮಾಡಿ ಎಂದ. ಒಂದೇ ದಿನಕ್ಕೆ ಏನಾಯಿತು ಎಂದು ಅವರು ಕೇಳಿದರು. ಸುಳ್ಳೊಂದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು ಹೀ-ಶೀ ಕಥೆಯನ್ನೆಲ್ಲ ಹೇಳಿದ. ಹೇಳುತ್ತ ಹೇಳುತ್ತ ಅದು ತಮಾಷೆಯ ಕಥೆಯಾಗತೊಡಗಿತು. ರೂತ್‌ಬಾಯಿ ದೊಡ್ಡಮ್ಮ ಬಂದಳು, ಚುಟ್ಟಾ ಬಂತು. 'ನಿಮಗೆ ಹೇಗೆ ಗೊತ್ತಾಗ್ಬೇಕು' ಎಂದದ್ದು ಮಾತ್ರ ಬರಲಿಲ್ಲ. ಅದನ್ನು ಬಿಟ್ಟೆನೆಂದು ಅವನಿಗೆ ಗೊತ್ತಾಯಿತು. ಮತ್ತೆ ಸೇರಿಸಲು ಧೈರ್ಯ ಸಾಲಲಿಲ್ಲ.

ರೊಹಾನಾ ಕುರ್ಚಿಗೆ ಒರಗಿ, ಕಣ್ಣೀರು ಒರೆಸಿಕೊಳ್ಳುತ್ತ ನಕ್ಕರು. ಖಾಯಂ ಮಾಡೋಣ ಎಂದು ತಲೆಯಾಡಿಸಿ ಮತ್ತೂ ನಕ್ಕರು. ಆ ನಗು ಗಾಜು ದಾಟಿ ಹೊರಗೆ ಹೋಯಿತು. ಸಾಲಾಗಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಕತ್ತೆತ್ತಿ ಡೆನ್ಜಿಲ್‌ನನ್ನು ನೋಡಿದರು.

ಇಕ್ರಾ ಒಬ್ಬಳು ನೋಡಲಿಲ್ಲ.