ಯಂತ್ರದ ಮೇಲಿನ ಹಸಿರು ಪೊಟ್ಟಣ

ಬಂದರೂರು ಕೀಲುಂಗಿನ ಮಳೆಗೆ ಮಾನಮರ್ಯಾದೆ ಇಲ್ಲ. ಕರೆಯದೆ ಬರುತ್ತದೆ, ಬಂದರೆ ಏಳುವುದಿಲ್ಲ. ಈ ಊರಲ್ಲಿ ಅಕ್ಕಿ ಇಲ್ಲದೆ ಒಂದು ದಿನ ತಳ್ಳಬಹುದು, ತೇವ ಹೀರುವ ಯಂತ್ರವಿಲ್ಲದೆ ಆಗದು. ಬೀ-ಯುನ್ ಮನೆಯ ಯಂತ್ರ ಈಗ ಹಟ ಹಿಡಿದು ಕೂತಿತ್ತು. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಸ್ವಲ್ಪ ಹೊತ್ತು ಗುರ್ರೆನ್ನುತ್ತದೆ, ಆಮೇಲೆ ಗಪ್‌ಚುಪ್. ಹೀರಿದ ನೀರು ಸೇರುವ ತೊಟ್ಟಿಯಲ್ಲಿ ಒಂದು ಹನಿಯೂ ಇಲ್ಲ.

ಅವಳು ತೊಟ್ಟಿ ತೆಗೆದು ತೊಳೆದು ಕೂರಿಸಿದಳು, ಹಿಂದಿನ ಜಾಲರಿಯ ಧೂಳು ಕೊಡವಿದಳು, ಪ್ಲಗ್ಗು ಬದಲಿಸಿ ನೋಡಿದಳು. ಏನೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಬೀರುವಿನಲ್ಲಿದ್ದ ಜಿನ್-ತುವಿನ ಕೋಟಿನ ಕಾಲರಿಗೆ ಬೂಷ್ಟು ಹಿಡಿದಿತ್ತು. ಗಂಡ ತೀರಿಹೋಗಿ ವರ್ಷವಾದರೂ ಆ ಕೋಟಿನಲ್ಲಿ ಅವನ ಸಿಗರೇಟಿನ ವಾಸನೆ ಉಳಿದಿತ್ತು. ಕೋಟನ್ನು ಒಗೆದರೆ ಅದೂ ಹೋಗುತ್ತದೆ, ಒಗೆಯದಿದ್ದರೆ ಕೋಟೇ ಹೋಗುತ್ತದೆ. ಅವಳಿಗೆ ಅಳು ಬಂತು. ರಿಪೇರಿ ಅಂಗಡಿಯ ಲಿಯಾವ್‌ಗೆ ಫೋನು ಮಾಡಿದಳು.

“ಏನತ್ತಿಗೆ, ಇವನೂ ಕೈ ಕೊಟ್ನಾ?” ಎನ್ನುತ್ತಲೇ ಬಂದ ಲಿಯಾವ್, ತಕ್ಷಣ ನಾಲಿಗೆ ಕಚ್ಚಿಕೊಂಡ. ಕೊಡೆ ಮಡಚುವುದರಲ್ಲಿ ಬೇಕೆಂದೇ ತಡಮಾಡಿದ.

ಯಂತ್ರದ ನೆತ್ತಿಯ ಮೇಲೆ ಕುರುಕಲು ತಿಂಡಿಯ ಹಸಿರು ಪೊಟ್ಟಣ ಅಂಗಾತ ಮಲಗಿತ್ತು. ಬಂದರಿನಲ್ಲಿ ಕ್ರೇನು ನಡೆಸುತ್ತಿದ್ದ ಜಿನ್-ತು ಯಾವ ಯಂತ್ರವನ್ನೂ ಹಸಿರು ಪೊಟ್ಟಣವಿಲ್ಲದೆ ನಂಬಿದವನಲ್ಲ. ಅದಿದ್ದರೆ ಯಂತ್ರ ಜಾಣಮರಿಯಾಗಿರುತ್ತದೆ ಎಂಬುದು ಅಲ್ಲಿಯವರ ನಂಬಿಕೆ; ಆ ತಿಂಡಿಯ ಹೆಸರಿನ ಅರ್ಥವೇ ‘ಜಾಣನಾಗಿರು’. ಅದರ ಮೇಲೆ ಪೆನ್ನಿನಲ್ಲಿ ಬುದ್ಧಿಮಾತೂ ಬರೆಯುತ್ತಿದ್ದ.

“ಇದನ್ನ ಇಲ್ಲಿ ಮಲಗ್ಸಿದ್ದು ಯಾರು?”

“ನಾನೇ. ಅವ್ರು ಪಕ್ಕದಲ್ಲಿ ನಿಲ್ಸಿದ್ರು. ಶೀತಕ್ಕೆ ಅಕ್ಷರ ಕದಡ್ತಾ ಇತ್ತು. ಬಿಸಿ ಗಾಳಿ ಬರೋ ಕಡೆ ಇಟ್ರೆ ಒಣಗಿರುತ್ತೆ ಅಂತ...”

“ಅಯ್ಯೋ ಅತ್ತಿಗೆ! ಮೂಗು ಮುಚ್ಚಿ ಉಸಿರಾಡು ಅಂದ್ರೆ ಹೆಂಗೆ? ಗಾಳಿ ಹೊರಗೆ ಹೋಗ್ದೆ ಒಳಗೇ ಕಾಯುತ್ತೆ, ಕಾದು ತಾನೇ ನಿಂತ್ಬಿಡುತ್ತೆ.”

ನಗುತ್ತ ಪೊಟ್ಟಣ ಎತ್ತಿದವನು ಅದರ ಮೇಲಿದ್ದುದನ್ನು ಓದಿದ: ‘ಜಾಣನಾಗಿರು. ಗಲಾಟೆ ಮಾಡಬೇಡ. ಬೀ-ಯುನ್ ಮಲಗಿದ್ದಾಳೆ.’ ಅವನ ನಗು ನಿಂತಿತು.

“ಅತ್ತಿಗೆ, ಇದರ ತಾರೀಖೂ ಮುಗಿದಿದೆ,” ಎಂದ ಮೆಲ್ಲಗೆ. “ಹಳೇದನ್ನ ಇಟ್ರೆ ಯಂತ್ರಕ್ಕೆ ಸಿಟ್ಟು ಬರುತ್ತೆ ಅಂತ ಅಣ್ಣನೇ ನಂಗೆ ಬೈತಿದ್ರು.”

ಚೀಲದಿಂದ ಹೊಸ ಪೊಟ್ಟಣ ತೆಗೆದು ಯಂತ್ರದ ಪಕ್ಕದಲ್ಲಿ ನಿಲ್ಲಿಸಿ, ಪೆನ್ನು ಚಾಚಿದ. “ಏನಾದ್ರೂ ಬರೀರಿ.”

“ಆಮೇಲೆ ಬರೀತೀನಿ. ಪೆನ್ನು ಇಲ್ಲೇ ಇರ್ಲಿ.”

ಗುಂಡಿ ಒತ್ತಿದ. ಯಂತ್ರ ಗುರ್ರೆಂದಿತು, ನಿಲ್ಲಲಿಲ್ಲ. ತುಸು ಹೊತ್ತಿಗೆ ಖಾಲಿ ತೊಟ್ಟಿಗೆ ಟಪ್ಪೆಂದು ಒಂದು ಹನಿ ಬಿತ್ತು. ಬೀ-ಯುನ್ ಕೊಟ್ಟ ಚಹಾ ಕುಡಿದು ಲಿಯಾವ್ ಹೊರಟುಹೋದ.

ಅವಳು ಹಳೆಯ ಪೊಟ್ಟಣವನ್ನು ಕೋಟಿನ ಒಳಜೇಬಿನಲ್ಲಿ ಇಟ್ಟಳು. ಗಾಳಿ ಆಡಲಿ ಎಂದು ಬೀರುವಿನ ಬಾಗಿಲನ್ನು ತೆರೆದೇ ಬಿಟ್ಟಳು. ಆಮೇಲೆ ಯಂತ್ರದ ಪಕ್ಕ ಚಾಪೆಯ ಮೇಲೆ ಕೂತು, ಹೊಸ ಪೊಟ್ಟಣವನ್ನು ತೊಡೆಯ ಮೇಲಿಟ್ಟುಕೊಂಡು ಬರೆದಳು:

‘ಜಾಣನಾಗಿರು. ಗಲಾಟೆ ಮಾಡುತ್ತಿರು. ಮನೆಯಲ್ಲಿ ಬೇರೆ ಯಾರೂ ಇಲ್ಲ.’