ಸೋಮವಾರದವರೆಗೆ ಆಡಬಾರದ ಕೈ

ಟಕ್, ಟಕ್, ವಕೀಲರ ಪೆನ್ನಿನ ಗುಂಡಿ ಒಳಗೆ ಹೋಗುತ್ತದೆ, ಹೊರಗೆ ಬರುತ್ತದೆ, ಆ ದಪ್ಪ ಹೆಬ್ಬೆರಳಿಗೆ ಬೇರೆ ಕೆಲಸವಿಲ್ಲ, ಎಷ್ಟು ಸಲೀಸಾಗಿ ಮಡಚುತ್ತದೆ, ಹಾಳಾದ್ದು, ನನ್ನ ಮಡಿಲಲ್ಲಿ ಮಗ ಪುಟ್ಟ ಆ ಪೆನ್ನನ್ನೇ ನೋಡುತ್ತಿದ್ದಾನೆ, ಎಡಗೈ ಬಡಿಯುತ್ತಾನೆ, ಬಲಗೈ ಮಾತ್ರ ಪಕ್ಕೆಗೆ ಅಂಟಿಕೊಂಡಿದೆ, ಅಂಗೈ ಹಿಂದಕ್ಕೆ ತಿರುಗಿದೆ — ಅಂಚೆ ಕಚೇರಿಯ ಕೌಂಟರಿನಲ್ಲಿ ದಿನವಿಡೀ ಕೈಗಳನ್ನೇ ನೋಡುವವಳು ನಾನು, ಚಿಲ್ಲರೆಗೆ ಚಾಚುವ ಕೈ, ಸಹಿ ಹಾಕುವಾಗ ನಡುಗುವ ಕೈ, ಯಾರಿಗೂ ಕಾಣದಂತೆ ಬೆನ್ನ ಹಿಂದೆ ಲಂಚಕ್ಕೆ ಒಡ್ಡಿದ ಕೈ ಮಾತ್ರ ಹೀಗಿರುತ್ತದೆ, ಹುಟ್ಟಿದ ಕೂಸು ಯಾರ ಹತ್ತಿರ ಏನು ಕೇಳಿತ್ತು, ಹೆರಿಗೆ ಕೋಣೆಯಲ್ಲಿ ತಲೆ ಹೊರಗೆ ಬಂದಿತ್ತು, ಭುಜ ಒಳಗೆ ಸಿಕ್ಕಿಕೊಂಡಿತ್ತು, ಮೇಡಂ ಸ್ವಲ್ಪ ತಡೀರಿ, ಇವರ ಕಾಲು ಹೊಟ್ಟೆ ಕಡೆ ಮಡಚಿ ನೋಡೋಣ, ಭುಜ ಬಿಡಬಹುದು, ಎಂದಳು ನರ್ಸು, ನೋವಿನಲ್ಲಿ ಅರಚುತ್ತಿದ್ದ ನನಗೆ ಕೇಳಿಸಿದ್ದು ಆ ಡಾಕ್ಟರಮ್ಮನಿಗೆ ಕೇಳಿಸಲಿಲ್ಲವೇ, ತಲೆ ಹಿಡಿದು ಎಳೆದಳು, ಇನ್ನೂ ಎಳೆದಳು, ಕುತ್ತಿಗೆಯಿಂದ ತೋಳಿಗೆ ಹೋಗುವ ನರ ಹರಿಯುವಷ್ಟು ಎಳೆದಳು, ಆಮೇಲೆ ಕೈ ತೊಳೆಯುತ್ತ, ದಪ್ಪ ಮಗು ಕಣಮ್ಮ, ನೀವು ಚೆನ್ನಾಗಿ ತಿಂದಿದ್ದೀರ — ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಅತ್ತೆಯಂತೂ ತೊಟ್ಟಿಲೊಳಗೆ ಇಣುಕಿದ್ದೇ ತಡ, ನಮ್ಮ ಕಡೆ ಯಾರಿಗೂ ಹೀಗಿಲ್ಲಪ್ಪ, ನಮ್ಮ ಕಡೆಯಂತೆ, ನಾಲಿಗೆಯ ನರ ಮಾತ್ರ ಯಾರಿಗೂ ಹರಿದಿಲ್ಲ ಆ ಮನೆಯಲ್ಲಿ.

ಎರಡು ದಾರಿ ಇದೆ ಅಮ್ಮ, ಟಕ್, ಆಸ್ಪತ್ರೆಯವರ ಜೊತೆ ರಾಜಿ, ಇಲ್ಲಾಂದ್ರೆ ಕೋರ್ಟು, ನರ್ಸು ಸಾಕ್ಷಿ ಹೇಳೋದು ಅನುಮಾನ, ಅವಳ ಹೊಟ್ಟೆಪಾಡೂ ಅಲ್ಲೇ ತಾನೆ, ಸೋಮವಾರ ತಜ್ಞರು ಮಗೂನ ನೋಡ್ತಾರೆ, ಅವರ ಮುಂದೆ ಕೈ ಆಡದೆ ಇದ್ರೆ ನಮ್ಮ ಕೇಸು ಗಟ್ಟಿ, ನಾನೇನೂ ಹೇಳಿಲ್ಲಪ್ಪ, ಎಂದು ನಗುತ್ತಾರೆ, ನಗಲಿ, ಇವರಪ್ಪನ ಗಂಟೇನು ಹೋಗುತ್ತದೆ, ಪಕ್ಕದಲ್ಲಿ ನನ್ನ ಗಂಡ ಕೋಲೆಬಸವನಂತೆ ತಲೆಯಾಡಿಸುತ್ತಾನೆ, ಅಲ್ಲೀವರೆಗೆ ಮಗೂ ಕೈ ವ್ಯಾಯಾಮ ಬಿಟ್ಬಿಡು, ನಾಲ್ಕು ದಿನಕ್ಕೆ ಏನು ಮುಳುಗಿಹೋಗುತ್ತೆ — ಒಂದು ದಿನವಾದರೂ ಆ ತೋಳು ಹಿಡಿದವನೇ ಇವನು, ಮಗು ಅತ್ತರೆ ಎದ್ದು ಹೊರಗೆ ಹೋಗುವವನು, ಒಂದು ದಿನ ತಪ್ಪಿಸಿದ್ರೂ ಕೀಲು ಬಿಗಿಯುತ್ತಮ್ಮ ಎಂದಿದ್ದಾಳೆ ವ್ಯಾಯಾಮ ಕಲಿಸಿದ ಹುಡುಗಿ, ಪುಟ್ಟ ಕಿರುಚಿದರೂ ಬಿಡದೆ ಎತ್ತುತ್ತೇನೆ, ಇಳಿಸುತ್ತೇನೆ, ತಿರುಗಿಸುತ್ತೇನೆ, ಬಿಡುವುದಿಲ್ಲ, ಯಾರಪ್ಪ ಹೇಳಿದರೂ ಬಿಡುವುದಿಲ್ಲ, ಆದರೆ ಆ ಡಾಕ್ಟರಮ್ಮನನ್ನು ಕಟಕಟೆಯಲ್ಲಿ ನಿಲ್ಲಿಸಬೇಕು ನನಗೆ, ದಪ್ಪ ಮಗು ಕಣಮ್ಮ ಎಂದ ಆ ಬಾಯಿ ಒಣಗುವುದನ್ನು ಎದುರಿಗೆ ಕೂತು ನೋಡಬೇಕು, ಅದಕ್ಕೆ ಏನು ಬೇಕಾದರೂ — ಟಕ್, ಪೆನ್ನು ಮೇಜಿನ ಅಂಚಿಗೆ ಬಂತು, ಪುಟ್ಟ ಉಸಿರು ಬಿಗಿಹಿಡಿದ, ಹೊದಿಕೆ ಅಲುಗಿತು, ಎಡಗಡೆಯಲ್ಲ, ಬಲಗಡೆ, ಮೊಣಕೈ ಮಡಚಿತು, ಅಂಗೈ ನಡುಗುತ್ತ ಮುಂದಕ್ಕೆ ತಿರುಗಿತು, ಮೇಲೆದ್ದಿತು, ಇಷ್ಟೇ ಇಷ್ಟು, ಮೊದಲ ಸಲ, ನನ್ನ ಚಿನ್ನ, ನನ್ನ ಬಂಗಾರ, ವಕೀಲರು ಫೈಲು ನೋಡುತ್ತಿದ್ದಾರೆ, ನನ್ನ ಗಂಡ ಗಡಿಯಾರ ನೋಡುತ್ತಿದ್ದಾನೆ, ಯಾರೂ ನೋಡಲಿಲ್ಲ, ಕೂಗಬೇಕು ನಾನು, ಊರೆಲ್ಲ ಕೇಳುವಂತೆ ಕೂಗಬೇಕು, ಕೂಗಲಿಲ್ಲ, ಆ ಪುಟ್ಟ ಕೈಯನ್ನು ಒಂದು ದೊಡ್ಡ ಕೈ ಹೊದಿಕೆಯೊಳಗೆ ಅದುಮಿತು, ಬಳೆ ನನ್ನದು, ಟಕ್, ನನ್ನ ಅಂಗೈ ಕೆಳಗೆ ಅದು ತಳ್ಳುತ್ತಿದೆ, ಮೇಲಕ್ಕೆ, ಟಕ್, ಮತ್ತೆ ಮೇಲಕ್ಕೆ